ಹನ್ನೆರಡನೆಯ ಜೋಡಿ

ಹುನಗುಂದದ ರೊಟ್ಟಿ ಕೇಂದ್ರದ ಇಪ್ಪತ್ತಮೂರು ಹೆಂಗಸರಲ್ಲಿ ಒಬ್ಬರೂ ಆಟ ಮುಗಿಸಿರಲಿಲ್ಲ. ಗುರುವಾರ ಬೆಳಿಗ್ಗೆ ಸಾಜಿಯಾ ಬಾಗಲಕೋಟೆಯ ನವನಗರದಲ್ಲಿದ್ದ ಆಫೀಸಿಗೆ ಬಂದು ಹೆಗಲ ಮೇಲಿನ ಚೀಲ ಇಳಿಸುವ ಮೊದಲೇ, ಯಜಮಾನ ಶಿವಪ್ರಕಾಶ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದರು. ಪರದೆಯ ಮೇಲೆ ಇಪ್ಪತ್ತಮೂರು ಹೆಸರು. ಪ್ರತಿ ಹೆಸರಿನ ಮುಂದೆಯೂ ಅದೇ ಫಲಿತಾಂಶ: ಹನ್ನೆರಡರಲ್ಲಿ ಹನ್ನೊಂದು.

"ನೋಡ್ರಿ ಇದನ್ನ," ಅಂದರು. "ಒಂದು ತಿಂಗಳ ಕೋರ್ಸು. ಕಡೀ ಪಾಠದ ಕಡೀ ಆಟ. ಒಬ್ರೂ ದಾಟಿಲ್ಲ."

ಸಾಜಿಯಾಗೆ ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ ಎನ್ನುವುದು ಆಮೇಲೆ ಗೊತ್ತಾಗಬೇಕಿತ್ತು. ಏಕೆಂದರೆ ಆ ಆಟ ಕಟ್ಟಿದವಳು ಅವಳೇ.

ಐದು ಜನರ ಆ ಪುಟ್ಟ ಆಫೀಸು ಮೊಬೈಲಿನಲ್ಲಿ ಕಲಿಯುವ ಕೋರ್ಸುಗಳನ್ನು ಮಾಡಿಕೊಡುತ್ತದೆ. ಹೊಲಿಗೆ, ಹೈನುಗಾರಿಕೆ, ಬ್ಯಾಂಕಿನ ವ್ಯವಹಾರ, ಯಾವುದಾದರೂ ಸರಿ. ಪಾಠ ಬರೆಯುವವರು ಬೇರೆ ಇದ್ದಾರೆ; ಪಾಠದ ಕೊನೆಗೆ ಬರುವ ಆಟಗಳು ಸಾಜಿಯಾಳ ಪಾಲು. ಕವುಚಿಟ್ಟ ಕಾರ್ಡು ತೆರೆದು ಜೋಡಿ ಹುಡುಕುವುದು, ಚಿತ್ರಕ್ಕೆ ಚಿತ್ರ ಹೊಂದಿಸುವುದು, ಎಲ್ಲಿ ಏನಿತ್ತು ಎಂದು ನೆನಪಿಡುವುದು. ಇಳಕಲ್ಲಿನ ಅಬ್ದುಲಸಾಬರ ಈ ಮಗಳಿಗೆ ಅದು ಹೇಳಿ ಮಾಡಿಸಿದ ಕೆಲಸ. ಚಿಕ್ಕಂದಿನಲ್ಲಿ ಇಸ್ಪೀಟೆಲೆ ಕವುಚಿ ಜೋಡಿ ತೆಗೆಯುವ ಆಟದಲ್ಲಿ ಅಣ್ಣ ಬಬ್ಲುವನ್ನು ಎಷ್ಟು ಸಲ ಸೋಲಿಸಿದ್ದಳೆಂದರೆ, ಕೊನೆಗೆ ಅವನು ರಾಣಿಯೊಂದನ್ನು ಎಲ್ಲೋ ಎಸೆದು ಬಂದು, ಈಗ ಆಡು ನೋಡೋಣ ಅಂದಿದ್ದ. ಅವಳು ಐವತ್ತೊಂದು ಎಲೆಯಲ್ಲೇ ಆಡಿ ಗೆದ್ದಿದ್ದಳು. ಹಟ ಅಂದರೆ ಅಂಥ ಹಟ.

ರೊಟ್ಟಿ ಕೇಂದ್ರದ ಆಟಕ್ಕೆ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೊದಲು ನೀಲಿ ಬಣ್ಣದ ಬೋಳು ಪರದೆ ಇತ್ತು. ಅದನ್ನು ಅಳಿಸಿ, ಇಳಕಲ್ಲಿನ ಮನೆಯಲ್ಲಿ ತಾಯಿ ನಜಮಾ ರೊಟ್ಟಿ ಹಾಕಿಡುವ ಬಿದಿರಿನ ಬುಟ್ಟಿಯ ಫೋಟೋ ತೆಗೆದು, ಅದನ್ನೇ ನೋಡಿ ಬುಟ್ಟಿ ಬರೆದಳು. ಆ ಬುಟ್ಟಿಯೊಳಗೆ ಇಪ್ಪತ್ತನಾಲ್ಕು ಕಾರ್ಡುಗಳನ್ನು ಕವುಚಿ ಹರಡಿದಳು. ಒತ್ತಿದರೆ ಕಾರ್ಡು ಮಗುಚಿ ಚಿತ್ರ ತೋರಿಸುತ್ತದೆ, ಅದು ಏನೆಂದು ಬಾಯಿಬಿಟ್ಟು ಹೇಳುತ್ತದೆ. ಕೈಗೆ ಸಾಬೂನು, ತಲೆಗೂದಲಿಗೆ ಬಟ್ಟೆ, ಹಿಟ್ಟಿಗೆ ಜರಡಿ, ಬಿಸಿ ರೊಟ್ಟಿಗೆ ಬಿಳಿ ಬಟ್ಟೆ, ಪಾಕೀಟಿಗೆ ತಾರೀಖಿನ ಚೀಟಿ, ಹೀಗೆ ಹನ್ನೆರಡು ಜೋಡಿ. ಜೋಡಿ ಸರಿಯಾದರೆ ಎರಡೂ ಕಾರ್ಡು ಬುಟ್ಟಿಯಿಂದ ಮಾಯ. ಆಟ ಮುಗಿದಾಗ ಬುಟ್ಟಿ ಖಾಲಿಯಾಗಿ, ಮೇಲೆ ಶಭಾಷ್ ಎಂದು ಬರುತ್ತದೆ. ಓದು ಬಾರದವರೂ ಆಡಬಹುದು. ಅವಳು ಅದನ್ನು ಕಟ್ಟಿದ್ದೇ ಅದಕ್ಕಾಗಿ.

"ಅದೂ ಯಾವ ಜೋಡಿ ಉಳದೈತಿ ನೋಡ್ರಿ," ಶಿವಪ್ರಕಾಶ ಬಿಡಲಿಲ್ಲ. "ಬಿಸಿ ರೊಟ್ಟಿ ಮತ್ತ ಬಿಳಿ ಅರಬಿ. ಇಪ್ಪತ್ಮೂರು ಮಂದೀನೂ ಅದನ್ನ ಬಿಟ್ಟಾರ. ಬಿಸಿ ರೊಟ್ಟಿ ಅರಬಿ ಮ್ಯಾಲ ಹರವಿ ಆರಿಸಿದ ಮ್ಯಾಲ ಪಾಕೀಟಿಗೆ ಹಾಕ್ಬೇಕು ಅನ್ನೂದು ಇಡೀ ಕೋರ್ಸಿನ ಜೀವಾಳ. ಅದೊಂದ ಬಿಟ್ಟು ಉಳದಿದ್ದೆಲ್ಲ ಕಲತಾರ ಅಂದ್ರ ಏನ ಕಲತಂಗಾತು? ನಾಳೆ ಹಾಸ್ಟೆಲ್ ಹುಡುಗ್ರು ಕೆಟ್ಟ ರೊಟ್ಟಿ ತಿಂದು ದವಾಖಾನಿ ಸೇರಿದ್ರ?"

"ಎರಡ ಕಾರ್ಡ್ ಉಳಿದ ಮ್ಯಾಲ ಕಣ್ಣು ಮುಚ್ಚಿ ಒತ್ತಿದ್ರೂ ಜೋಡಿ ಆಗ್ತೈತ್ರಿ ಸರ್. ಅಲ್ಲಿ ಸೋಲಾಕ ಆಗೂದ ಇಲ್ಲ."

"ಸೋತಾರಲ್ಲ!"

ಶಿವಪ್ರಕಾಶ ಕೆಟ್ಟವರಲ್ಲ, ಆದರೆ ಅವಸರದ ಮನುಷ್ಯ. ಬೇರೊಂದು ಕೋರ್ಸಿಗಾಗಿ ಮಾಡಿಟ್ಟಿದ್ದ ಇಪ್ಪತ್ತೈದು ಪ್ರಶ್ನೆಗಳ ಬರೆಯುವ ಪರೀಕ್ಷೆಯೊಂದು ಅವರ ಕೈಯಲ್ಲಿ ತಯಾರಿತ್ತು. ಶನಿವಾರ ಹನ್ನೊಂದಕ್ಕೆ, ಈ ತರಬೇತಿ ಕೊಡಿಸುತ್ತಿರುವ ಸಂಸ್ಥೆಯ ಸಂಗಮೇಶ ಬರುವವರಿದ್ದರು. ಅಷ್ಟರೊಳಗೆ ಆಟ ತೆಗೆದು ಪರೀಕ್ಷೆ ಕೂರಿಸಿದರೆ ಮರ್ಯಾದೆ ಉಳಿಯುತ್ತದೆ ಎಂದು ಅವರ ವಿಚಾರ.

ಆದರೆ ಇಪ್ಪತ್ತಮೂರರಲ್ಲಿ ಒಂಬತ್ತು ಮಂದಿಗೆ ಓದಲು ಬರುವುದಿಲ್ಲ. ಮುಂದಿನ ತಿಂಗಳಿಂದ ಆ ಕೇಂದ್ರದ ರೊಟ್ಟಿ ಹಾಸ್ಟೆಲುಗಳಿಗೆ ಹೋಗಬೇಕು. ಕೋರ್ಸಿನ ಸರ್ಟಿಫಿಕೇಟು ಇದ್ದವರಿಗೆ ಮಾತ್ರ ಅದಕ್ಕಾಗಿ ಕಟ್ಟುತ್ತಿರುವ ಹೊಸ ಅಡಿಗೆಮನೆಯೊಳಗೆ ಪ್ರವೇಶ. ಆ ಒಂಬತ್ತರಲ್ಲಿ ಗುರುಲಿಂಗವ್ವ ಒಬ್ಬಳು. ಅರವತ್ತೆರಡು ವರ್ಷದ ಗುರುಲಿಂಗವ್ವ ಆ ಕೇಂದ್ರದ ಅರ್ಧ ಹೆಂಗಸರಿಗೆ ರೊಟ್ಟಿ ಬಡಿಯಲು ಕಲಿಸಿದವಳು. ತಿಂಗಳ ಹಿಂದೆ ಸಾಜಿಯಾ ಆಟ ತೋರಿಸಲು ಹೋಗಿದ್ದಾಗ ಎಲ್ಲರೂ ಎದ್ದು ಹೋದ ಮೇಲೆ ಹತ್ತಿರ ಬಂದು, "ಸಾಲಿ ಕಟ್ಟಿ ಹತ್ತದವ್ರಿಗೂ ಸರ್ಟಿಫಿಕೇಟ್ ಬರ್ತೈತೇನ ಮಗಳ?" ಎಂದು ಸಣ್ಣ ದನಿಯಲ್ಲಿ ಕೇಳಿದ್ದಳು. ಸಾಜಿಯಾ, "ಬರ್ತೈತ್ರಿ ಅಜ್ಜಿ, ನಾ ಇದ್ದೇನಲ್ಲ," ಅಂದುಬಿಟ್ಟಿದ್ದಳು. ಮಾತು ಕೊಡುವಾಗ ನಾಲಿಗೆಗೆ ಏನು ಭಾರ!

"ಶನಿವಾರ ತನಕ ಪರೀಕ್ಷೆ ಹಾಕಬ್ಯಾಡ್ರಿ ಸರ್," ಅಂದಳು. "ಯಾಕ ನಿಂತಾರ ಅನ್ನೂದನ್ನ ನಾ ತಿಳ್ಕೊಂಡು ಬರ್ತೇನಿ."

"ತಿಳ್ಕೊಂಡು?"

"ತಿಳ್ಕೊಂಡ ಮ್ಯಾಲ ನೋಡೂನು."

ಆ ದಿನವೆಲ್ಲ ಆಟವನ್ನು ಜಾಲಾಡಿದಳು. ರೊಟ್ಟಿ ಕಾರ್ಡಿನಲ್ಲೇ ಏನೋ ದೋಷ ಇರಬೇಕು ಎಂದು ಮೂವತ್ತು ಸಲ ಆಡಿದಳು. ಮೂವತ್ತು ಸಲವೂ ರೊಟ್ಟಿ, ಬಟ್ಟೆ ಎರಡೂ ಲಕ್ಷಣವಾಗಿ ಮಾಯವಾದವು. ಹಳೆಯ ಮೊಬೈಲು ತರಿಸಿ ನೋಡಿದಳು, ಒಡೆದ ಗಾಜಿನ ಮೊಬೈಲಿನಲ್ಲೂ ನೋಡಿದಳು. ಎಲ್ಲ ಸರಿ. ಹಿಟ್ಟು ಮೆತ್ತಿದ ಬೆರಳನ್ನು ಪರದೆ ಗುರುತಿಸುವುದಿಲ್ಲವೇನೋ ಎಂಬ ಅನುಮಾನ ಬಂದು, ಚಹಾದ ಜೊತೆ ತಂದಿದ್ದ ಬಿಸ್ಕತ್ತನ್ನು ಪುಡಿ ಮಾಡಿ ಬೆರಳಿಗೆ ಮೆತ್ತಿಕೊಂಡು ಒತ್ತಿದಳು. ಆಫೀಸಿನವರು ಮುಖ ಮುಖ ನೋಡಿಕೊಂಡರು. ಕಾರ್ಡು ಮಾತ್ರ ತಕರಾರಿಲ್ಲದೆ ಮಗುಚಿತು.

ಸಂಜೆ ಗುರುಲಿಂಗವ್ವನ ಸೊಸೆ ಬಸವೇಶ್ವರಿಗೆ ಫೋನು ಮಾಡಿದಳು. ಪಿಯುಸಿ ಓದಿದ ಬಸವೇಶ್ವರಿಯೇ ಕೇಂದ್ರದ ಲೀಡರು.

"ಆಟ ಎಲ್ಲಾರೂ ಮುಗಿಸೇವಲ್ರಿ ಮೇಡಂ," ಅಂದಳು ಬಸವೇಶ್ವರಿ, ಯಾವ ಅಳುಕೂ ಇಲ್ಲದೆ.

"ಇನ್ನೊಂದು ಜೋಡಿ ಉಳದೈತಲ್ಲ?"

"ಅದಾ? ಅದು ಇರ್ಲಿ ಬಿಡ್ರಿ," ಎಂದು ಬಸವೇಶ್ವರಿ ಬಿಸಿಲಿನ ವಿಷಯ ಎತ್ತಿದಳು.

ಶುಕ್ರವಾರ ಮುಂಜಾನೆ ಸಾಜಿಯಾ ಹುನಗುಂದದ ಬಸ್ಸು ಹತ್ತಿದಳು. ಅಮೀನಗಡ ಬರುವ ತನಕ ಒಂದೇ ಯೋಚನೆ. ಗೊತ್ತಿಲ್ಲದೆ ಬಿಟ್ಟರೆ ಒಬ್ಬೊಬ್ಬರು ಒಂದೊಂದು ಕಡೆ ಬಿಡಬೇಕಿತ್ತು. ಇಷ್ಟು ಜನ ಒಂದೇ ಕಡೆ ನಿಂತಿದ್ದಾರೆಂದರೆ ಅದು ದಡ್ಡತನವಲ್ಲ, ಏನೋ ಒಂದು ತೀರ್ಮಾನ. ಅದು ಏನೆಂದು ಮಾತ್ರ ಅವಳ ತಲೆಗೆ ಹೊಳೆಯಲಿಲ್ಲ.

ಕೇಂದ್ರವೆಂದರೆ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಂದು ಉದ್ದನೆಯ ತಗಡಿನ ಶೆಡ್ಡು. ಒಳಗೆ ಎಂಟು ಒಲೆ, ಎಂಟು ಹಂಚು, ಪಟಪಟ ರೊಟ್ಟಿ ಬಡಿಯುವ ಸದ್ದು. ಬಾಗಿಲಿಗೆ ಬಂದ ಕೂಡಲೇ ಸಾಜಿಯಾ ಕಂಡದ್ದು, ಗೋಡೆಯುದ್ದಕ್ಕೂ ಹಾಸಿದ್ದ ಬಿಳಿ ಬಟ್ಟೆ ಮತ್ತು ಅದರ ಮೇಲೆ ಒಂದಕ್ಕೊಂದು ತಾಗದಂತೆ ಹರವಿದ್ದ ರೊಟ್ಟಿಗಳನ್ನು. ಯಾವ ಪಾಠವನ್ನು ಇವರು ಕಲಿತಿಲ್ಲ ಎಂದು ಆಫೀಸಿನಲ್ಲಿ ಗದ್ದಲವಾಗಿತ್ತೋ ಅದನ್ನು ಇವರು ಕಣ್ಣಮುಂದೆಯೇ ಮಾಡುತ್ತಿದ್ದರು. ಸಾಜಿಯಾಗೆ ಖುಷಿಗಿಂತ ಹೆಚ್ಚು ತಲೆಬಿಸಿಯಾಯಿತು.

ಗುರುಲಿಂಗವ್ವ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು. "ಬಾ ಮಗಳ. ಬಿಸಿಲಾಗ ಬಂದೀದಿ, ಮೊದ್ಲ ನೀರು ಕುಡಿ."

"ನೀರು ಆಮ್ಯಾಲ್ರಿ ಅಜ್ಜಿ. ನನ್ನ ಮುಂದ ಒಮ್ಮೆ ಆಟ ಆಡ್ರಿ."

ಗುರುಲಿಂಗವ್ವ ಸೊಸೆಯ ಮೊಬೈಲು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಡಿದ್ದು ನೋಡಿ ಸಾಜಿಯಾ ಕಣ್ಣರಳಿಸಿದಳು. ಒಮ್ಮೆ ಕಂಡ ಕಾರ್ಡು ಆ ಮುದುಕಿಯ ನೆನಪಿನಿಂದ ಜಾರುತ್ತಿರಲಿಲ್ಲ. ಜರಡಿ, ಹಿಟ್ಟು, ಹೋಯಿತು. ಸಾಬೂನು, ಕೈ, ಹೋಯಿತು. ನಡುವೆ ಒಂದು ಕಡೆ ಮಾತ್ರ ವಿಚಿತ್ರವಾಗಿ ಆಡಿದಳು. ಬಿಸಿ ರೊಟ್ಟಿಯ ಕಾರ್ಡು ತೆರೆದುಕೊಂಡ ಕೂಡಲೇ, ಹೊಸ ಕಾರ್ಡೊಂದನ್ನು ನೋಡುವುದು ಬಿಟ್ಟು, ಆಗಲೇ ಕಂಡಿದ್ದ ತಾರೀಖಿನ ಚೀಟಿಯನ್ನೇ ಮತ್ತೆ ಒತ್ತಿ ಎರಡನ್ನೂ ಕವುಚಿಬಿಟ್ಟಳು. ಒಂದು ಸರದಿ ದಂಡ. ಇಷ್ಟು ಚುರುಕಿನ ಹೆಂಗಸು ಇಲ್ಲೇಕೆ ತಪ್ಪಿದಳು ಎಂದು ಸಾಜಿಯಾ ಅಂದುಕೊಳ್ಳುವಷ್ಟರಲ್ಲಿ ಹನ್ನೊಂದು ಜೋಡಿ ಮುಗಿದಿದ್ದವು. ಬುಟ್ಟಿಯಲ್ಲಿ ಎರಡು ಕಾರ್ಡು. ಗುರುಲಿಂಗವ್ವ ಮೊಬೈಲು ಆರಿಸಿ ಪಕ್ಕಕ್ಕಿಟ್ಟಳು.

"ಆತು ನೋಡವಾ."

"ಇನ್ನೆರಡು ಅದಾವಲ್ರಿ?"

"ಇರ್ಲಿ."

"ಯಾಕ ಇರ್ಬೇಕ್ರಿ?"

ಗುರುಲಿಂಗವ್ವ ಅವಳ ಮುಖವನ್ನು ನೋಡಿದಳು. ಆ ನೋಟದಲ್ಲಿ, ಇದನ್ನೂ ಹೇಳಿಕೊಡಬೇಕೇನು ಎನ್ನುವ ಬೇಸರವಿತ್ತು. ಆದರೆ ಬಾಯಲ್ಲಿ ಅಂದದ್ದು, "ಊಟದ ಹೊತ್ತಾಗೈತಿ, ಏಳು," ಎಂದಷ್ಟೇ.

ಊಟಕ್ಕೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಡುವೆ ರೊಟ್ಟಿಯ ಬುಟ್ಟಿ. ಹತ್ತು ಹೆಂಗಸರ ನಡುವೆ ಕೂತ ಸಾಜಿಯಾ ಹಸಿವಿನ ಜೊತೆಗೆ ಸಿಟ್ಟನ್ನೂ ಸೇರಿಸಿ ತಿಂದಳು. ನಾಳೆ ಹನ್ನೊಂದು ಗಂಟೆಗೆ ಏನು ಹೇಳುವುದು? ಮೂರನೆಯ ರೊಟ್ಟಿ ಮುಗಿದರೂ ಪಲ್ಯ ಉಳಿದಿತ್ತು. ಯೋಚಿಸುತ್ತಲೇ ಬುಟ್ಟಿಗೆ ಕೈ ಹಾಕಿದಳು. ಅಲ್ಲಿ ಒಂದೇ ಒಂದು ರೊಟ್ಟಿ ಇತ್ತು. ಅವಳ ಕೈ ತಾನಾಗಿ ಹಿಂದಕ್ಕೆ ಬಂತು.

ಯಾರೂ ಬೇಡ ಅಂದಿರಲಿಲ್ಲ. ಯಾರೂ ನೋಡುತ್ತಲೂ ಇರಲಿಲ್ಲ. ಆದರೆ ಬುಟ್ಟಿಯ ಕೊನೆಯ ರೊಟ್ಟಿಗೆ ಕೈ ಹಾಕಿದಾಗಲೆಲ್ಲ ತಾಯಿ ನಜಮಾ ಕೊಟ್ಟ ಏಟುಗಳನ್ನು ಆ ಕೈ ಮರೆತಿರಲಿಲ್ಲ. ಬುಟ್ಟಿ ಬರಿದು ಮಾಡಬಾರದು, ಒಂದಾದರೂ ಉಳಿಯಬೇಕು, ಬರುವವರಿಗೆ ಇರಲಿ, ನಾಳೆಗೆ ಇರಲಿ. ಇಳಕಲ್ಲಿನ ಅವರ ಮನೆಯಲ್ಲೂ ಅದೇ, ಈ ಹುನಗುಂದದಲ್ಲೂ ಅದೇ. ಇದು ಗೊತ್ತಿಲ್ಲದ ಮನೆ ಈ ಸೀಮೆಯಲ್ಲಿ ಯಾವುದಿದೆ? ಗೊತ್ತಿದ್ದೂ ಅವಳು ಏನು ಮಾಡಿದ್ದಳು? ಅವ್ವನ ಬುಟ್ಟಿಯನ್ನೇ ಅಚ್ಚುಕಟ್ಟಾಗಿ ಬರೆದು, ಅದರೊಳಗೆ ರೊಟ್ಟಿ ಇಟ್ಟು, ಇದನ್ನು ಪೂರ್ತಿ ಖಾಲಿ ಮಾಡಿದರೆ ಶಭಾಷ್ ಅನ್ನುತ್ತೇನೆ ಎಂದು ಇಪ್ಪತ್ತಮೂರು ಗರತಿಯರಿಗೆ ಹೇಳಿದ್ದಳು. ನೀಲಿ ಪರದೆ ಇದ್ದಿದ್ದರೆ ಎಲ್ಲರೂ ಯಾವಾಗಲೋ ಮುಗಿಸಿರುತ್ತಿದ್ದರು. ಆಫೀಸಿನಲ್ಲಿ ಆಡಿ ನೋಡಿದವರಿಗೆ ಅದು ಚಿತ್ರ ಮಾತ್ರ. ಮಧ್ಯಾಹ್ನ ಡಬ್ಬಿಯಲ್ಲಿ ತಂದದ್ದನ್ನು ಚೂರೂ ಉಳಿಸದೆ ಉಂಡು, ತಿಕ್ಕಿ ತೊಳೆದಿಡುವ ಜನ ಅವರು.

"ಅಜ್ಜಿ," ಅಂದಳು, "ಬುಟ್ಟಿ ಖಾಲಿ ಆಗ್ತೈತಿ ಅಂತ ನಿಲ್ಲಿಸಿದ್ರೇನ್ರಿ?"

ಹೆಂಗಸರೆಲ್ಲ ಒಮ್ಮೆಲೇ ಮಾತಾಡತೊಡಗಿದರು. ಶಾರವ್ವ ಎಂಬಾಕೆ, ನಾನು ಮೊದಲ ಸಲ ಅರಿಯದೆ ಪೂರ್ತಿ ಆಡುವುದರಲ್ಲಿದ್ದೆ, ಸದ್ಯ ನೋಡಿ ಕೈ ತಡೆದೆ ಅಂದಳು. ಬಸವೇಶ್ವರಿ ತಲೆ ತಗ್ಗಿಸಿ, "ನಾ ಒಮ್ಮೆ ಒತ್ತಬೇಕಂತ ಮಾಡಿದ್ದೆ ಮೇಡಂ. ಕೈ ಬರಲಿಲ್ಲ," ಅಂದಳು.

"ಅದು ಚಿತ್ರ ಐತಲ್ರಿ, ಖರೇ ಬುಟ್ಟಿ ಅಲ್ಲಲ್ಲ," ಅಂದಳು ಸಾಜಿಯಾ.

"ಚಿತ್ರ ಅಂತ ನನಗೂ ಗೊತ್ತೈತಿ ಮಗಳ, ನಾ ಏನ ಹುಚ್ಚಿ ಅಲ್ಲ," ಅಂದಳು ಗುರುಲಿಂಗವ್ವ. "ಇಪ್ಪತ್ಮೂರು ಮನಿ ಹೊಟ್ಟಿ ಇನ್ನ ಇದರ ಮ್ಯಾಲ ನಡೀಬೇಕು. ಕೆಲಸ ಸುರು ಆಗೂಕಿಂತ ಮೊದ್ಲ ಬುಟ್ಟಿ ಬರಿದು ಮಾಡಿ ತೋರ್ಸು ಅಂದ್ರ ಕೈ ಹೆಂಗ ಬರ್ತೈತಿ? ಹನ್ನೊಂದು ತಗದೇವಿ, ಆಟ ತಿಳದೈತಿ ಅಂತ ನಿಮಗೂ ತಿಳೀತೈತಿ ಅನ್ಕೊಂಡ್ವಿ."

ತಿಳಿದಿರಲಿಲ್ಲ. ಸಾಜಿಯಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಹನ್ನೆರಡನೆಯ ಜೋಡಿ ಉಳಿದರೆ ನಪಾಸು, ಆಟ ತೆಗೆದು ಬರೆಯುವ ಪರೀಕ್ಷೆ ಹಾಕುತ್ತಾರೆ. ಓದು ಬಾರದ ಒಂಬತ್ತು ಮಂದಿ ಯಾರೆಂದು ಬೆರಳು ಮಾಡಿ ತೋರಿಸಬೇಕಾಗಿರಲಿಲ್ಲ.

"ಅತ್ತಿ, ಒತ್ತಿಬಿಡೂನ್ರಿ," ಅಂದಳು ಬಸವೇಶ್ವರಿ.

ಗುರುಲಿಂಗವ್ವ ಎದ್ದು ಹೋಗಿ ಕೈ ತೊಳೆದು ಬಂದಳು. ಆಮೇಲೆ ಮೊಬೈಲು ಎತ್ತಿಕೊಂಡಳು. "ಎಂಟು ಮಂದಿ ನನ್ನ ಮಾರಿ ನೋಡ್ಕೊಂತ ಕುಂತಾರ. ನನ್ನೊಬ್ಬಾಕೀ ಹಟಕ್ಕ ಅವ್ರ ಬಾಯಾಗ ಮಣ್ಣು ಹಾಕಲೇನ? ಒತ್ತತೇನಿ ತಗೋ." ಬೆರಳು ಪರದೆಯ ಕಡೆ ಹೋಯಿತು.

ಸಾಜಿಯಾ ಆ ಕೈ ಹಿಡಿದುಕೊಂಡಳು. "ಬ್ಯಾಡ್ರಿ."

ಏಕೆ ಬೇಡ ಎಂದು ಆ ಗಳಿಗೆಯಲ್ಲಿ ಅವಳಿಗೂ ಪೂರ್ತಿ ಗೊತ್ತಿರಲಿಲ್ಲ. ಗುರುವಾರ ನಪಾಸಾದವರು ಶುಕ್ರವಾರ ತಾನು ಪಕ್ಕದಲ್ಲಿ ಕೂತಾಗ ಪಾಸಾದರೆ ಯಾರೂ ನಂಬುವುದಿಲ್ಲ ಎನ್ನುವುದು ಒಂದು. ಅದಕ್ಕಿಂತ ಹೆಚ್ಚಾಗಿ, ಈ ಹೆಂಗಸು ಮನಸ್ಸಿಲ್ಲದೆ ಒತ್ತಿ ಗಳಿಸಿದ ಕಾಗದ ಯಾವ ಸುಖಕ್ಕೆ? ತಪ್ಪು ಆಟದ್ದು. ತಪ್ಪು ಮಾಡಿದವಳು ತಾನು. ತಿದ್ದಬೇಕಾದವಳೂ ತಾನೇ.

ಆಗ ಅವಳಿಗೆ ಆ ದಂಡವಾದ ಸರದಿ ನೆನಪಾಯಿತು. ಇನ್ನೊಮ್ಮೆ ಆಡಲು ಹೇಳಿದಳು. ಆಟ ಪ್ರತಿ ಸಲ ಕಾರ್ಡುಗಳನ್ನು ಕಲೆಸಿಡುತ್ತದೆ. ಯಾವುದು ಎಲ್ಲಿದೆಯೆಂದು ಮೊದಲೇ ಯಾರಿಗೂ ತಿಳಿಯದು. ಈ ಸಲವೂ ರೊಟ್ಟಿ ಕಂಡ ಕೂಡಲೇ ಗುರುಲಿಂಗವ್ವ ಹಳೆಯ ಕಾರ್ಡೊಂದನ್ನೇ ಒತ್ತಿ ಕವುಚಿದಳು. ಅದು ತಪ್ಪಲ್ಲ! ಹೊಸ ಕಾರ್ಡು ತೆರೆದು ಅದು ಬಿಳಿ ಬಟ್ಟೆಯೇ ಆಗಿಬಿಟ್ಟರೆ ರೊಟ್ಟಿ ಹೋಗುತ್ತದಲ್ಲ, ಅದಕ್ಕೇ. ಇಪ್ಪತ್ತನಾಲ್ಕು ಕಾರ್ಡುಗಳ ನಡುವೆ ಎರಡನ್ನು ಕೊನೆಯವರೆಗೆ ಕಾಪಾಡಬೇಕಾದರೆ, ಯಾವುದರ ಜೋಡಿ ಯಾವುದು ಎಂದು ತಿಳಿದಿರಬೇಕು, ಅವು ಎಲ್ಲಿವೆ ಎಂದು ನೆನಪಿರಬೇಕು, ಪ್ರತಿ ಸಲವೂ ಅವನ್ನು ದಾಟಿ ಹೋಗಬೇಕು. ಜೋಡಿ ತೆಗೆಯುವುದಕ್ಕಿಂತ ಇದು ಎರಡು ಪಟ್ಟು ಕಷ್ಟ. ಕಲಿಯದವರು ಅಂತ ಆಫೀಸು ಯಾರನ್ನು ಅಂದಿತ್ತೋ ಅವರು ಆ ಪಾಠವನ್ನೇ ಎಲ್ಲಕ್ಕಿಂತ ಚೆನ್ನಾಗಿ ಕಲಿತಿದ್ದರು.

"ಅಜ್ಜಿ, ನಾಳೆ ಮೊದಲ ಬಸ್ಸಿಗೆ ಬಾಗಲಕೋಟಿಗೆ ಬರ್ರಿ," ಅಂದಳು. "ಬಸವೇಶ್ವರಿ, ನೀವೂ ಬರ್ರಿ. ಉಳಿದದ್ದು ನನಗ ಬಿಡ್ರಿ."

ವಾಪಸ್ಸು ಬರುವ ಬಸ್ಸಿನಲ್ಲೇ ಕಿಟಕಿ ಪಕ್ಕ ಕೂತು, ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತಮೂರು ಜನ ಯಾವ ಕಾರ್ಡಿನ ಮೇಲೆ ಯಾವ ಕಾರ್ಡು ಒತ್ತಿದ್ದರು ಎನ್ನುವ ದಾಖಲೆಯನ್ನೆಲ್ಲ ತೆರೆದಳು. ಅಲ್ಲಾಡುವ ಬಸ್ಸಿನಲ್ಲಿ ಕಣ್ಣು ನೋಯುತ್ತಿತ್ತು, ಬಿಡಲಿಲ್ಲ. ಅಮೀನಗಡ ದಾಟುವಷ್ಟರಲ್ಲಿ ಬೇಕಾದದ್ದು ಸಿಕ್ಕಿತ್ತು. ಆಮೇಲೆ ಆಟವನ್ನೂ ತಿದ್ದಿದಳು. ಇಪ್ಪತ್ತನಾಲ್ಕರ ಜೊತೆಗೆ ಇಪ್ಪತ್ತೈದನೆಯ ಕಾರ್ಡೊಂದನ್ನು ಸೇರಿಸಿದಳು: ತೆರೆದೇ ಇರುವ ಒಂಟಿ ರೊಟ್ಟಿ, ಜೋಡಿಯಿಲ್ಲದ್ದು, ಯಾರು ಒತ್ತಿದರೂ ಬುಟ್ಟಿ ಬಿಟ್ಟು ಕದಲದ್ದು. ಆದರೆ ಅದು ಮುಂದೆ ಆಡುವವರಿಗೆ. ಈ ಇಪ್ಪತ್ತಮೂರು ಜನ ಮತ್ತೆ ಆಡಬೇಕಾಗಿಲ್ಲ ಎಂದು ಅವಳು ನಿರ್ಧರಿಸಿಯಾಗಿತ್ತು. ಗೆದ್ದವರನ್ನು ಇನ್ನೊಮ್ಮೆ ಓಡಿಸುವುದು ಯಾವ ನ್ಯಾಯ?

ಶನಿವಾರ ಹನ್ನೊಂದಕ್ಕೆ ಸಂಗಮೇಶ ಬಂದರು. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಮೂಲೆಯಲ್ಲಿ ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದ ಗುರುಲಿಂಗವ್ವನನ್ನೂ ಬಸವೇಶ್ವರಿಯನ್ನೂ ಕಂಡು, ಇವರು ಯಾರು ಎನ್ನುವಂತೆ ಶಿವಪ್ರಕಾಶರ ಕಡೆ ನೋಡಿದರು. ಶಿವಪ್ರಕಾಶ, ತನಗೇನೂ ಗೊತ್ತಿಲ್ಲ ಎನ್ನುವಂತೆ ಸಾಜಿಯಾಳ ಕಡೆ ನೋಡಿದರು.

ಸಾಜಿಯಾ ಬುಟ್ಟಿಯ ಸಂಗತಿ ಹೇಳಿದಳು. ಸಂಗಮೇಶ ಪೂರ್ತಿ ಕೇಳಿಸಿಕೊಂಡರು.

"ನಮ್ಮ ಮನ್ಯಾಗೂ ಉಳಸ್ತಾರ್ರಿ," ಅಂದರು. "ಖರೆ, ನಾ ಮ್ಯಾಲಿನವ್ರಿಗೆ ಏನಂತ ಬರೀಲಿ? ಪದ್ಧತಿ ಐತಿ, ಅದಕ್ಕ ಪಾಠ ಬಿಟ್ಟಾರ ಅಂತನ? ಕಲತಾರ ಅನ್ನಾಕ ಗುರುತು ಬೇಕಲ್ಲ."

"ಕೊಡ್ತೇನ್ರಿ ಸರ್. ಈ ಹನ್ನೆರಡರಾಗ ನಿಮಗ ಬೇಕಾದ ಒಂದು ಜೋಡಿ ಹೇಳ್ರಿ. ಯಾವುದಾದ್ರೂ ಇರ್ಲಿ."

ಸಂಗಮೇಶ ಪಟ್ಟಿ ನೋಡಿದರು. "ಸಾಬೂನು."

"ಅಜ್ಜಿ, ರೊಟ್ಟಿ ಜೋಡಿ ಜೊತಿಗೆ ಸಾಬೂನಿನ ಜೋಡೀನೂ ಉಳಸ್ರಿ. ಉಳಿದ ಹತ್ತು ತಗೀರಿ."

ಗುರುಲಿಂಗವ್ವ ಮೊಬೈಲು ತೆಗೆದುಕೊಂಡಳು. ಫ್ಯಾನು ಸ್ವಲ್ಪ ಸಣ್ಣ ಮಾಡಿರೆಂದು ಕೇಳಿ, ಆಡತೊಡಗಿದಳು. ಈಗ ಒಂದು ಬೆರಳು ತಪ್ಪಿದರೆ ಎಲ್ಲ ಮುಗಿಯಿತು. ಆ ಒಂಬತ್ತು ಜನ ಹೊಸ ಅಡಿಗೆಮನೆಯ ಹೊರಗೇ. ಕಾರ್ಡುಗಳು ತೆರೆದವು, ಮುಚ್ಚಿದವು, ಎರಡೆರಡಾಗಿ ಹೋದವು. ರೊಟ್ಟಿ ಒಮ್ಮೆ ಕಂಡು ಕವುಚಿತು. ಸಾಬೂನು ಒಮ್ಮೆ ಕಂಡು ಕವುಚಿತು. ಕೊನೆಗೆ ಬುಟ್ಟಿಯಲ್ಲಿ ನಾಲ್ಕು ಕಾರ್ಡು ಉಳಿದಾಗ ಗುರುಲಿಂಗವ್ವ ಮೊಬೈಲನ್ನು ಸಂಗಮೇಶರ ಮುಂದಿಟ್ಟು, ಮುಟ್ಟದೆ, ಬೆರಳು ತೋರಿಸಿ ಹೇಳಿದಳು: "ಇದು ರೊಟ್ಟಿ. ಇದು ಅರಬಿ. ಇದು ಕೈ. ಇದು ಸಾಬಾನ."

ಜೋಡಿಯಾಗಿ ಮಾಯವಾಗದಂತೆ ಸಂಗಮೇಶ ರೊಟ್ಟಿಯ ಜೊತೆ ಕೈ, ಬಟ್ಟೆಯ ಜೊತೆ ಸಾಬೂನು ತೆರೆದು ನೋಡಿದರು. ನಾಲ್ಕೂ ಸರಿ.

ಶಿವಪ್ರಕಾಶ ಮೊಬೈಲು ಕೇಳಿ ಇಸಿದುಕೊಂಡು, ತಾವೂ ಜರಡಿ ಉಳಿಸಿ ತೋರಿಸುತ್ತೇನೆಂದು ಕೂತರು. ಆರನೆಯ ಸರದಿಗೇ ಜರಡಿಯೂ ಹಿಟ್ಟೂ ಅವರ ಕೈಯಲ್ಲೇ ಹೋದವು. ಇನ್ನೊಮ್ಮೆ ಆಡಿದರು, ಇನ್ನೂ ಬೇಗ ಹೋದವು. "ಏ, ಇದು ಭಾಳ ತ್ರಾಸಿನ ಕೆಲಸ ಐತಿ," ಎಂದು ಹಣೆ ಒರೆಸಿಕೊಂಡರು. ಬಸವೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಇವ್ರೊಬ್ರದಾತು," ಅಂದರು ಸಂಗಮೇಶ. "ಉಳಿದ ಇಪ್ಪತ್ತೆರಡು ಮಂದೀದು?"

ಸಾಜಿಯಾ ಕಾದಿದ್ದೇ ಆ ಪ್ರಶ್ನೆಗೆ. ಬಸ್ಸಿನಲ್ಲಿ ಹುಡುಕಿ, ಬೆಳಿಗ್ಗೆ ಪ್ರಿಂಟ್ ತೆಗೆದಿಟ್ಟಿದ್ದ ದಾಖಲೆಯ ಹಾಳೆಗಳನ್ನು ಮೇಜಿನ ಮೇಲಿಟ್ಟಳು. "ಪ್ರತಿಯೊಬ್ರದೂ ಇಲ್ಲೈತ್ರಿ. ಎಲ್ಲಾರೂ ರೊಟ್ಟಿ ಕಾರ್ಡು ಕಂಡಾರ, ಅರಬಿ ಕಾರ್ಡು ಕಂಡಾರ. ರೊಟ್ಟಿ ಕಂಡ ಕೂಡ್ಲೆ ಹೊಸಾದು ಮುಟ್ಟಿಲ್ಲ, ನೋಡಿದ್ದ ಹಳೇ ಕಾರ್ಡು ಒತ್ತ್ಯಾರ. ಎರಡೂ ಎಲ್ಲದಾವ ಅಂತ ತಿಳಿದ ಮ್ಯಾಲ ಒಬ್ರೂ ಅವನ್ನ ತಿರುಗಿ ತಗದಿಲ್ಲ. ಅವೆರಡೂ ಜೋಡಿ ಅಂತ ಗೊತ್ತಿರದವ್ರು ಹಂಗ ಆಡಾಕ ಆಗೂದಿಲ್ರಿ. ಇವ್ರು ನಪಾಸ್ ಆಗಿಲ್ಲ ಸರ್. ನಾ ಕಟ್ಟಿದ ಆಟ ನಪಾಸ್ ಆಗೈತಿ. ಅದನ್ನ ತಿದ್ದೇನಿ. ಆದ್ರ ನನ್ನ ತಪ್ಪಿಗೆ ಇವ್ರನ್ನ ಹೊರಗ ನಿಲ್ಲಸ್ಬ್ಯಾಡ್ರಿ."

ದನಿ ಸ್ವಲ್ಪ ಏರಿತ್ತು. ಇಳಿಸಬೇಕು ಅನ್ನಿಸಲಿಲ್ಲ.

ಸಂಗಮೇಶ ಹಾಳೆಗಳನ್ನು ತಿರುವಿದರು, ಅವಸರವಿಲ್ಲದೆ, ಇಪ್ಪತ್ತಮೂರನ್ನೂ. ನಡುವೆ ಎರಡು ಸಲ ಹಿಂದಿನ ಹಾಳೆಗೆ ಹೋಗಿ ತಾಳೆ ನೋಡಿದರು. ಆಮೇಲೆ ಕಿಸೆಯಿಂದ ಪೆನ್ನು ತೆಗೆದರು. "ಪ್ರಿಂಟ್ ತಗೀರಿ ಶಿವಪ್ರಕಾಶ. ಎಲ್ಲಾ ಇಪ್ಪತ್ಮೂರು. ಸಹಿ ಈಗ ಹಾಕಿ ಹೋಗ್ತೇನಿ."

ಆಫೀಸಿನ ಮುದಿ ಪ್ರಿಂಟರು ಒಂದೊಂದಾಗಿ ಸರ್ಟಿಫಿಕೇಟುಗಳನ್ನು ಹೊರಹಾಕಿತು. ಎಲ್ಲಕ್ಕೂ ಒಂದೇ ಅಂಚು, ಒಂದೇ ಮೊಹರು, ನಡುವೆ ಹೆಸರು ಮಾತ್ರ ಬೇರೆ. ಸಂಗಮೇಶ ಸಹಿ ಹಾಕಿದಂತೆ ಸಾಜಿಯಾ ಅವನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಹರಡಿದಳು. ಗುರುಲಿಂಗವ್ವ ಎದ್ದು ಬಂದು ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು.

"ಇದರಾಗ ನಂದು ಐತೇನ?"

"ಐತ್ರಿ ಅಜ್ಜಿ. ಇಲ್ಲಿ..." ಸಾಜಿಯಾ ಬೆರಳೆತ್ತಿದಳು.

"ತಡಿ. ಹೇಳಬ್ಯಾಡ."

ಗುರುಲಿಂಗವ್ವ ಸೊಂಟದ ಸಂಚಿಯ ದಾರ ಬಿಚ್ಚಿ ತನ್ನ ಆಧಾರ್ ಕಾರ್ಡು ತೆಗೆದಳು. ಅದರಲ್ಲಿ ತನ್ನ ಹೆಸರು ಇರುವ ಸಾಲು ಯಾವುದೆಂದು ಅವಳಿಗೆ ಗೊತ್ತಿತ್ತು. ಕಾರ್ಡನ್ನು ಮೊದಲ ಸರ್ಟಿಫಿಕೇಟಿನ ಹೆಸರಿನ ಕೆಳಗೆ ಇಟ್ಟು ನೋಡಿದಳು. ತಲೆ ಅಲ್ಲಾಡಿಸಿ ಎರಡನೆಯದಕ್ಕೆ ಹೋದಳು. ಮೂರನೆಯದು, ನಾಲ್ಕನೆಯದು. ಒಂದು ಕಡೆ ಮೊದಲ ಅಕ್ಷರ ಹೊಂದಿತು, ಎರಡನೆಯದು ಹೊಂದಲಿಲ್ಲ, ಬಿಟ್ಟಳು. ಹದಿನಾಲ್ಕನೆಯದರ ಹತ್ತಿರ ನಿಂತಳು. ದಪ್ಪ ಬೆರಳನ್ನು ಒಮ್ಮೆ ಕಾರ್ಡಿನ ಮೇಲೆ, ಒಮ್ಮೆ ಕಾಗದದ ಮೇಲೆ, ಅಕ್ಷರದಿಂದ ಅಕ್ಷರಕ್ಕೆ ಸರಿಸುತ್ತ ಹೋದಳು. ಕೊನೆಯ ಒತ್ತಕ್ಷರದವರೆಗೂ ಹೋಗಿ, ಮೊದಲಿನಿಂದ ಇನ್ನೊಮ್ಮೆ ನೋಡಿದಳು.

"ಜೋಡಿ ಆತು," ಅಂದಳು. "ಇದ ನಂದು. ಹೌದಿಲ್ಲೋ?"

"ಹೌದ್ರಿ," ಅಂದಳು ಸಾಜಿಯಾ.

ಗುರುಲಿಂಗವ್ವ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸಿಕೊಂಡು ಸೊಸೆಯ ಕೈಗೆ ಕೊಟ್ಟಳು. ಆಮೇಲೆ ಮತ್ತೆ ಸಂಚಿಯೊಳಗೆ ಕೈ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿದ ಎಂಟು ಆಧಾರ್ ಕಾರ್ಡುಗಳ ಕಟ್ಟೊಂದನ್ನು ಹೊರತೆಗೆದಳು. "ಪುರಾವೆ ಕೇಳ್ತಾರೋ ಏನೋ ಅಂತ ಉಳಿದವ್ರವ್ನೂ ತಂದೇನಿ. ಒಬ್ಬೊಬ್ರದ ನಾನ ಹುಡುಕಿ ಒಯ್ದು ಕೊಡ್ತೇನಿ. ಇದು ಶಾರವ್ವಂದು," ಎಂದು ಮೊದಲನೆಯದನ್ನು ಹಿಡಿದು ಮೇಜಿನ ಆ ತುದಿಗೆ ನಡೆದಳು.

ಸಂಗಮೇಶ ತಮ್ಮ ಕುರ್ಚಿ ಹಿಂದಕ್ಕೆ ಸರಿಸಿ ಅವಳಿಗೆ ದಾರಿ ಬಿಟ್ಟರು.